ವಾಲ್‌ಡಾರ್ಫ್ ಪಟ್ಟಣದ ನೆಲ, ಚರಿತ್ರೆ, ಆಡಳಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಾಫ್ಟ್‌ವೇರ್ ವಲಯದಲ್ಲಿ ಕೆಲಸ ಮಾಡುವವರಿಗೆ ಈ ಊರಿನ ಹೆಸರು ಚೆನ್ನಾಗಿ ಗೊತ್ತು, ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯ ಕೇಂದ್ರ ಕಚೇರಿ ಇರುವುದು ಇಲ್ಲೇ. ಆದರೆ ಕಂಪನಿಯ ಗೇಟಿನ ಆಚೆಗಿರುವ ಊರು ಎಂಥದು, ಅದನ್ನು ನಡೆಸುವವರು ಯಾರು, ಯಾವ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು ಎನ್ನುವುದು ಅಲ್ಲಿ ಎರಡು ಮೂರು ವರ್ಷ ಇದ್ದು ಬಂದವರಿಗೂ ಸ್ಪಷ್ಟವಿರುವುದಿಲ್ಲ. ಅಲ್ಲಿಗೆ ಹೊರಟವರಿಗೂ ಜರ್ಮನಿಯ ಒಂದು ಸಣ್ಣ ಊರು ಹೇಗೆ ನಡೆಯುತ್ತದೆ ಎಂದು ತಿಳಿಯಬಯಸುವವರಿಗೂ ಈ ಪುಟ.

ವಾಲ್‌ಡಾರ್ಫ್ ಎಲ್ಲಿದೆ? ಎಷ್ಟು ದೊಡ್ಡದು?

ಜರ್ಮನಿಯ ನೈಋತ್ಯದ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿದೆ. ಹೈಡೆಲ್‌ಬರ್ಗ್ ನಗರದಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರಿನ ಒಳಗೆ. ವಿಸ್ತೀರ್ಣ ಸುಮಾರು 20 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 15,000. ಜನಸಂಖ್ಯೆಯಲ್ಲಿ ನಮ್ಮ ಕಡೆಯ ಒಂದು ಸಣ್ಣ ಪಟ್ಟಣ ಪಂಚಾಯಿತಿಯಷ್ಟು. ಸುತ್ತಲಿನ ಊರುಗಳೆಂದರೆ ಉತ್ತರಕ್ಕೆ ಸಾಂಡ್‌ಹೌಸೆನ್, ಈಶಾನ್ಯಕ್ಕೆ ನುಸ್‌ಲೋಹ್, ಪೂರ್ವಕ್ಕೆ ವೀಸ್‌ಲೋಹ್, ದಕ್ಷಿಣಕ್ಕೆ ಸಾಂಕ್ಟ್ ಲೇಯೋನ್-ರೋಟ್, ಪಶ್ಚಿಮಕ್ಕೆ ರೈಲಿಂಗನ್ ಮತ್ತು ಹಾಕನ್‌ಹೈಮ್.

ಉತ್ತರ ದಕ್ಷಿಣವಾಗಿ ಸಾಗುವ ಎ5 ಹೆದ್ದಾರಿ ಮತ್ತು ಪೂರ್ವ ಪಶ್ಚಿಮವಾಗಿ ಸಾಗುವ ಎ6 ಹೆದ್ದಾರಿ ಕೂಡುವುದು ಈ ಊರಿನ ಪಕ್ಕದಲ್ಲೇ. ಆ ಕೂಡುಜಾಗಕ್ಕೇ ‘ವಾಲ್‌ಡಾರ್ಫರ್ ಕ್ರೊಯ್ಟ್ಸ್’ ಎಂದು ಹೆಸರು. ಊರನ್ನು ನೋಡದವರೂ ರೇಡಿಯೊದ ಟ್ರಾಫಿಕ್ ಸುದ್ದಿಯಲ್ಲಿ ಈ ಹೆಸರನ್ನು ಕೇಳಿರುತ್ತಾರೆ.

ಟಿಕೆಟ್ ತೆಗೆಯುವಾಗ ‘ವಾಲ್‌ಡಾರ್ಫ್’ ಎಂದು ಹಾಕಿದರೆ ಬೇರೆಲ್ಲೋ ತೋರಿಸುತ್ತದೆ, ಯಾಕೆ?

ಆ ಹೆಸರಿನ ಊರು ಒಂದೇ ಅಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕದಲ್ಲಿ, ಹೆಸ್ಸೆನ್ ರಾಜ್ಯದಲ್ಲಿ, ಮೋರ್‌ಫೆಲ್ಡನ್-ವಾಲ್‌ಡಾರ್ಫ್ ಎಂಬ ಇನ್ನೊಂದು ಪಟ್ಟಣವಿದೆ. ಅದರ ‘ವಾಲ್‌ಡಾರ್ಫ್’ ಭಾಗವನ್ನು ಕಟ್ಟಿದವರು ಮತದ ಕಾರಣಕ್ಕೆ ಊರು ಬಿಟ್ಟು ಬಂದ ವಾಲ್ಡೆನ್ಸಿಯನ್ ಜನ, 1699ರಲ್ಲಿ. ನಮ್ಮ ವಾಲ್‌ಡಾರ್ಫ್‌ಗೂ ಅದಕ್ಕೂ ಸಂಬಂಧವಿಲ್ಲ. ತುರಿಂಗಿಯಾ ರಾಜ್ಯದ ಮೈನಿಂಗನ್ ಬಳಿ ಮೂರನೆಯ ವಾಲ್‌ಡಾರ್ಫ್ ಕೂಡ ಇದೆ.

ತಪ್ಪಾಗುವುದು ಹೀಗೆ: ವಿಮಾನ ಇಳಿದು ಫೋನಿನಲ್ಲಿ ಬರೀ ಊರಿನ ಹೆಸರು ಹಾಕುತ್ತಾರೆ, ಹತ್ತೇ ನಿಮಿಷದ ದಾರಿ ಎಂದು ತೋರಿಸುತ್ತದೆ, ಖುಷಿಯಿಂದ ಹತ್ತಿಬಿಡುತ್ತಾರೆ. ನಿಜವಾದ ವಾಲ್‌ಡಾರ್ಫ್ ಅಲ್ಲಿಂದ ದಕ್ಷಿಣಕ್ಕೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ. ಪಿನ್ ಕೋಡ್ ನೋಡಿ. 69190 ಇದ್ದರೆ ಸರಿ, 64546 ಇದ್ದರೆ ಅದು ಹೆಸ್ಸೆನ್‌ನದು. ರೈಲಿನಲ್ಲಾದರೆ ‘ವೀಸ್‌ಲೋಹ್-ವಾಲ್‌ಡಾರ್ಫ್’ ಎಂಬ ಜಂಟಿ ಹೆಸರಿನ ನಿಲ್ದಾಣವನ್ನೇ ಆರಿಸಿ.

ಹಾಗಾದರೆ ರೈಲು ನಿಲ್ದಾಣ ಊರೊಳಗೆ ಇಲ್ಲವೇ?

ಇಲ್ಲ. ಹೈಡೆಲ್‌ಬರ್ಗ್‌ನಿಂದ ಕಾರ್ಲ್ಸ್‌ರೂಹೆಗೆ 1843ರಲ್ಲಿ ಹಳಿ ಹಾಕಿದಾಗ ಅದು ವಾಲ್‌ಡಾರ್ಫ್ ಮತ್ತು ವೀಸ್‌ಲೋಹ್ ಎರಡಕ್ಕೂ ನಡುವೆ ಬಯಲಿನಲ್ಲಿ ಹಾದುಹೋಯಿತು. ನಿಲ್ದಾಣ ಇಂದಿಗೂ ಎರಡೂ ಊರಿನ ನಡುಮಧ್ಯದಿಂದ ದೂರವೇ. ಎಸ್3, ಎಸ್4 ಲೋಕಲ್ ರೈಲುಗಳು ನಿಲ್ಲುತ್ತವೆ, ಮುಂದಕ್ಕೆ ಬಸ್ಸು ಹಿಡಿಯಬೇಕು. ಮನೆ ಹುಡುಕುವಾಗ ‘ನಿಲ್ದಾಣಕ್ಕೆ ಹತ್ತಿರ’ ಎಂಬ ಜಾಹೀರಾತು ಕಂಡರೆ, ಆ ಮನೆ ಯಾವ ಊರಿನ ಮಿತಿಯಲ್ಲಿದೆ ಎಂದು ಮೊದಲು ಕೇಳಿ. ವೀಸ್‌ಲೋಹ್ ಮಿತಿಯಲ್ಲಿದ್ದರೆ ನಿಮ್ಮ ನೋಂದಣಿ, ಶಾಲೆ, ಆಡಳಿತ ಎಲ್ಲವೂ ವೀಸ್‌ಲೋಹ್‌ನದಾಗುತ್ತದೆ.

ನೆಲ ಎಂಥದು? ಏನು ಬೆಳೆಯುತ್ತಾರೆ?

ಊರಿರುವುದು ಮೇಲಣ ರೈನ್ ಬಯಲಿನ ಪೂರ್ವದ ಅಂಚಿನಲ್ಲಿ. ಪೂರ್ವಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಕ್ರೈಶ್‌ಗೌ ಗುಡ್ಡಗಳು, ಅಲ್ಲಿ ಮೆಕ್ಕಲಿನಂಥ ನುಣ್ಣನೆಯ ಮಣ್ಣು, ದ್ರಾಕ್ಷಿ ತೋಟಗಳು. ಪಶ್ಚಿಮಕ್ಕೆ ಹೋದರೆ ಮರಳು. ಹಿಮಯುಗದ ಕೊನೆಯಲ್ಲಿ ರೈನ್ ನದಿ ಬಿಟ್ಟುಹೋದ ಮರಳನ್ನು ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ್ದರಿಂದ ಇಲ್ಲಿ ಒಳನಾಡಿನಲ್ಲೇ ಮರಳುದಿಬ್ಬಗಳಿವೆ. ಅದರ ಮೇಲೆ ಪೈನ್ ಮರಗಳ ಹಾರ್ಟ್ ಕಾಡು ಹಬ್ಬಿದೆ. ಜರ್ಮನಿಯ ಅತ್ಯಂತ ಬೆಚ್ಚಗಿನ ಪ್ರದೇಶಗಳಲ್ಲಿ ಈ ಬಯಲೂ ಒಂದು.

ನೀರು ನಿಲ್ಲದ, ಬೇಗ ಬಿಸಿಯಾಗುವ ಈ ಮರಳು ಗೋಧಿಗೆ ಒಳ್ಳೆಯದಲ್ಲ, ಆದರೆ ಬಿಳಿ ಶತಾವರಿಗೆ ಹೇಳಿ ಮಾಡಿಸಿದ್ದು. ಜರ್ಮನರು ‘ಷ್ಪಾರ್ಗೆಲ್’ ಎನ್ನುವ ಇದು ನಮ್ಮ ಔಷಧಿಯ ಶತಾವರಿಯ ಹತ್ತಿರದ ನೆಂಟ, ತಿನ್ನುವುದು ಮಾತ್ರ ಬೇರನ್ನಲ್ಲ, ಎಳೆ ಚಿಗುರನ್ನು. ಗಿಡದ ಸಾಲಿನ ಮೇಲೆ ಮೊಣಕಾಲೆತ್ತರ ಮರಳಿನ ಬದು ಏರಿಸುತ್ತಾರೆ. ಚಿಗುರು ಬೆಳಕು ಕಾಣದೆ ಮಣ್ಣೊಳಗೇ ಬೆಳೆಯುವುದರಿಂದ ಬೆಳ್ಳಗಿರುತ್ತದೆ. ಬದುವಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಚಳಿ ಇದ್ದಾಗ ಕಪ್ಪು ಬದಿ ಮೇಲೆ, ಮಣ್ಣು ಕಾದು ಚಿಗುರು ಬೇಗ ಬರಲಿ ಎಂದು. ಬಿಸಿಲು ಏರಿದಾಗ ಬಿಳಿ ಬದಿ ಮೇಲೆ, ಒಟ್ಟಿಗೇ ಎಲ್ಲ ಬಂದು ಮಾರುಕಟ್ಟೆ ಕುಸಿಯದಿರಲಿ ಎಂದು. ತುದಿ ಒಂದು ದಿನ ಹೊರಗಿಣುಕಿದರೂ ಬಣ್ಣ ತಿರುಗಿ ಬೆಲೆ ಬೀಳುತ್ತದೆ. ಕಲ್ಲಿರುವ ನೆಲದಲ್ಲಾದರೆ ಚಿಗುರು ಸೊಟ್ಟಗಾಗುತ್ತದೆ, ಮರಳಿನ ಬೆಲೆ ಗೊತ್ತಾಗುವುದು ಅಲ್ಲಿ. ಏಪ್ರಿಲ್ ಮಧ್ಯದಿಂದ ಜೂನ್ 24ರ ಸಂತ ಯೋಹಾನನ ದಿನದವರೆಗೆ ಕೊಯ್ಲು. ಆಮೇಲೆ ಕೊಯ್ದರೆ ಮುಂದಿನ ವರ್ಷಕ್ಕೆ ಗಿಡದಲ್ಲಿ ಕಸುವು ಉಳಿಯುವುದಿಲ್ಲ.

ಊರು ಎಷ್ಟು ಹಳೆಯದು?

ಲಾರ್ಶ್ ಮಠದ ದಾನಪತ್ರಗಳ ಸಂಗ್ರಹದಲ್ಲಿ ಕ್ರಿ.ಶ. 770ರ ದಾಖಲೆಯಲ್ಲಿ ಹೆಸರು ಮೊದಲ ಸಲ ಬರುತ್ತದೆ. ಬಾದಾಮಿ ಚಾಲುಕ್ಯರ ಕೈಯಿಂದ ರಾಷ್ಟ್ರಕೂಟರು ರಾಜ್ಯ ಕಿತ್ತುಕೊಂಡ ಕಾಲ ಎಂದುಕೊಂಡರೆ ನಮಗೆ ಅಂದಾಜು ಸಿಗುತ್ತದೆ. ‘ವಾಲ್ಡ್’ ಎಂದರೆ ಕಾಡು, ‘ಡಾರ್ಫ್’ ಎಂದರೆ ಹಳ್ಳಿ, ಕಾಡಿನ ಹಳ್ಳಿ.

ಮುಂದೆ ಶತಮಾನಗಟ್ಟಲೆ ಅದು ಹೈಡೆಲ್‌ಬರ್ಗ್‌ನಿಂದ ಆಳುತ್ತಿದ್ದ ಪಾಲಟಿನೇಟ್ ಅರಸರ ಹಳ್ಳಿ. ಆ ಅರಸುಮನೆಯ ಉತ್ತರಾಧಿಕಾರದ ಜಗಳದಲ್ಲಿ ಫ್ರೆಂಚ್ ಸೇನೆ ನುಗ್ಗಿ 1689ರಲ್ಲಿ ಊರನ್ನು ಸುಟ್ಟಿತು. ಹಾಗಾಗಿ ಅದಕ್ಕೂ ಹಿಂದಿನ ಮನೆಗಳನ್ನು ಇಲ್ಲಿ ಹುಡುಕಬೇಡಿ. 1803ರಲ್ಲಿ ನೆಪೋಲಿಯನ್ ಕಾಲದ ಗಡಿ ಬದಲಾವಣೆಯಲ್ಲಿ ಬಾಡೆನ್‌ಗೆ ಸೇರಿತು. 1901ರಲ್ಲಿ ‘ಪಟ್ಟಣ’ ಎಂಬ ಅಂತಸ್ತು ಸಿಕ್ಕಿತು. 1952ರಲ್ಲಿ ಬಾಡೆನ್ ಮತ್ತು ವುರ್ಟೆಂಬರ್ಗ್ ಒಂದಾಗಿ ಈಗಿನ ರಾಜ್ಯವಾಯಿತು. 1973ರವರೆಗೆ ಹೈಡೆಲ್‌ಬರ್ಗ್ ಜಿಲ್ಲೆ, ಅಲ್ಲಿಂದ ಈಚೆಗೆ ರೈನ್-ನೆಕಾರ್ ಜಿಲ್ಲೆ.

ಯಹೂದಿಗಳು ಇದ್ದರೇ?

ಇದ್ದರು, ಅವರಿಗೆ ತಮ್ಮದೇ ಪ್ರಾರ್ಥನಾ ಮಂದಿರವೂ ಇತ್ತು. 1940ರ ಅಕ್ಟೋಬರ್ 22ರಂದು ನಾಜಿ ಆಡಳಿತ ಬಾಡೆನ್ ಸೀಮೆಯಲ್ಲಿ ಉಳಿದಿದ್ದ ಯಹೂದಿಗಳನ್ನೆಲ್ಲ ಒಂದೇ ಬೀಸಿಗೆ ಹಿಡಿದು ದಕ್ಷಿಣ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಸಾಗಿಸಿತು. ಬಾಡೆನ್ ಮತ್ತು ನೆರೆಯ ಸೀಮೆ ಸೇರಿ ಸುಮಾರು 6,500 ಜನ. ವಾಲ್‌ಡಾರ್ಫ್‌ನಂಥ ಸಣ್ಣ ಊರುಗಳ ಯಹೂದಿ ಬದುಕು ಆ ದಿನಕ್ಕೆ ಮುಗಿಯಿತು. ಊರಿನ ಚರಿತ್ರೆ ಹೇಳುವವರು ಇಲ್ಲಿ ಹುಟ್ಟಿ ಅಮೆರಿಕದಲ್ಲಿ ಸಿರಿವಂತನಾದ ಆಸ್ಟರ್‌ನಿಂದ ನೇರ ಸಾಫ್ಟ್‌ವೇರ್‌ಗೆ ಹಾರಿದರೆ ಇದು ಬಿಟ್ಟುಹೋಗುತ್ತದೆ, ಬಿಡಬಾರದು.

ಆಸ್ಟರ್ ಯಾರು? ನ್ಯೂಯಾರ್ಕಿನ ಹೋಟೆಲಿಗೂ ಈ ಊರಿಗೂ ಏನು ನಂಟು?

ಯೋಹಾನ್ ಯಾಕೋಬ್ ಆಸ್ಟರ್ 1763ರ ಜುಲೈ 17ರಂದು ಇಲ್ಲಿ ಹುಟ್ಟಿದ ಕಟುಕನ ಮಗ. ಹದಿಹರೆಯದಲ್ಲೇ ಊರು ಬಿಟ್ಟು ಲಂಡನ್ನಿಗೆ, ವಾದ್ಯ ತಯಾರಿಸುತ್ತಿದ್ದ ಅಣ್ಣನ ಬಳಿಗೆ ಹೋದ. 1783ರ ಕೊನೆಯಲ್ಲಿ ಮಾರಲಿಕ್ಕೆ ಕೊಳಲುಗಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಹಡಗು ಹತ್ತಿದ. ಅಲ್ಲಿ ತುಪ್ಪಳದ ವ್ಯಾಪಾರ, ಆಮೇಲೆ ಮ್ಯಾನ್‌ಹ್ಯಾಟನ್‌ನ ಜಮೀನು. 1848ರಲ್ಲಿ ತೀರಿಕೊಂಡಾಗ ಅಮೆರಿಕದ ಅತ್ಯಂತ ಶ್ರೀಮಂತ ಅವನೇ. ಉಯಿಲಿನಲ್ಲಿ ಹುಟ್ಟೂರಿನ ಬಡವರಿಗೆಂದು 50,000 ಡಾಲರ್ ಬರೆದಿಟ್ಟಿದ್ದ. ಆ ಹಣದಲ್ಲಿ ಕಟ್ಟಿದ ಆಸ್ಟರ್ ಮನೆ 1854ರಲ್ಲಿ ತೆರೆಯಿತು. ಈಗ ಊರಿನ ಮ್ಯೂಸಿಯಂ ಇರುವುದು ಅದರಲ್ಲೇ.

ಮುಂದಿನ ತಲೆಮಾರಿನವರು ಊರಿನ ಹೆಸರನ್ನು ಮಕ್ಕಳಿಗೆ ಇಟ್ಟರು. ವಿಲಿಯಂ ವಾಲ್ಡಾರ್ಫ್ ಆಸ್ಟರ್ 1893ರಲ್ಲಿ ನ್ಯೂಯಾರ್ಕಿನಲ್ಲಿ ವಾಲ್ಡಾರ್ಫ್ ಹೋಟೆಲ್ ತೆರೆದ. ದಾಯಾದಿ ನಾಲ್ಕನೆಯ ಜಾನ್ ಜೇಕಬ್ ಆಸ್ಟರ್ 1897ರಲ್ಲಿ ಪಕ್ಕದಲ್ಲೇ ಆಸ್ಟೋರಿಯಾ ಕಟ್ಟಿಸಿದ. ಎರಡೂ ಸೇರಿ ವಾಲ್ಡಾರ್ಫ್ ಆಸ್ಟೋರಿಯಾ. ಹೋಟೆಲಿನ ಹೆಸರಲ್ಲಿ ಒಂದು ‘ಎಲ್’ ಕಡಿಮೆ, ಊರಿನ ಹೆಸರಲ್ಲಿ ಎರಡಿವೆ. ಅರ್ಜಿ ತುಂಬುವಾಗ ಎರಡನ್ನೂ ಬರೆಯಿರಿ.

ವಾಲ್ಡಾರ್ಫ್ ಶಾಲೆ, ವಾಲ್ಡಾರ್ಫ್ ಸಲಾಡ್ ಇಲ್ಲಿಯವೇ?

ಹೆಸರು ಮಾತ್ರ. ಸಲಾಡ್ ಹುಟ್ಟಿದ್ದು ನ್ಯೂಯಾರ್ಕಿನ ಆ ಹೋಟೆಲಿನಲ್ಲಿ. ಶಾಲೆಯ ಕಥೆ ಇನ್ನೂ ಸುತ್ತು: ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್-ಆಸ್ಟೋರಿಯಾ ಹೆಸರಿನ ಸಿಗರೇಟ್ ಕಾರ್ಖಾನೆ ಇತ್ತು. ಅದರ ಒಡೆಯ ಎಮಿಲ್ ಮೋಲ್ಟ್ ಕಾರ್ಮಿಕರ ಮಕ್ಕಳಿಗಾಗಿ 1919ರಲ್ಲಿ ರುಡಾಲ್ಫ್ ಸ್ಟೈನರ್‌ನಿಂದ ಶಾಲೆ ರೂಪಿಸಿದ. ಬೆಂಗಳೂರಿನ ಸ್ಟೈನರ್ ಪದ್ಧತಿಯ ಶಾಲೆಗಳಿಗೆ ‘ವಾಲ್ಡಾರ್ಫ್’ ಎಂಬ ಹೆಸರು ಬಂದಿರುವುದು ಈ ದಾರಿಯಲ್ಲಿ, ಹಳ್ಳಿಯಿಂದ ಹೋಟೆಲಿಗೆ, ಹೋಟೆಲಿನಿಂದ ಸಿಗರೇಟಿಗೆ, ಸಿಗರೇಟಿನಿಂದ ಶಾಲೆಗೆ.

ಎಸ್‌ಎಪಿ ಇಲ್ಲಿಗೆ ಬಂದದ್ದು ಯಾವಾಗ?

ಐವರು ಮಾಜಿ ಐಬಿಎಂ ಉದ್ಯೋಗಿಗಳು 1972ರಲ್ಲಿ ವೈನ್‌ಹೈಮ್‌ನಲ್ಲಿ ಕಂಪನಿ ನೋಂದಾಯಿಸಿದರು. ವಾಲ್‌ಡಾರ್ಫ್‌ಗೆ ಕಚೇರಿ ಬಂದದ್ದು 1977ರಲ್ಲಿ, ಸ್ವಂತ ಕಟ್ಟಡ 1980ರಲ್ಲಿ. ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್ 1998ರಲ್ಲಿ ಶುರುವಾಯಿತು, ವೈಟ್‌ಫೀಲ್ಡ್‌ಗೂ ಈ ಊರಿಗೂ ಓಡಾಟ ಹುಟ್ಟಿಕೊಂಡದ್ದು ಅಲ್ಲಿಂದ. ಕ್ಯಾಂಪಸ್ಸಿರುವುದು ಹಳೆಯ ಊರಿನ ನೈಋತ್ಯಕ್ಕೆ. ಮುದ್ರಣಯಂತ್ರ ತಯಾರಿಸುವ ಹೈಡೆಲ್‌ಬರ್ಗರ್ ಕಂಪನಿಯ ದೊಡ್ಡ ಕಾರ್ಖಾನೆ 1957ರಿಂದಲೂ ವೀಸ್‌ಲೋಹ್ ಮತ್ತು ವಾಲ್‌ಡಾರ್ಫ್ ನಡುವೆ ಇದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಕನ್ನಡಿಗರ ಎಷ್ಟೋ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ‘ಹೈಡೆಲ್‌ಬರ್ಗ್ ಮಷೀನ್’ ಎಂದರೆ ಮನೆಮಾತು.

ಆಡಳಿತದ ಮೆಟ್ಟಿಲುಗಳು ಯಾವುವು?

ಕೆಳಗಿನಿಂದ ಹೇಳುವುದಾದರೆ: ಊರು (ಗೆಮೈಂಡೆ), ಅದರ ಮೇಲೆ ರೈನ್-ನೆಕಾರ್ ಜಿಲ್ಲೆ, ಅದರ ಮೇಲೆ ಕಾರ್ಲ್ಸ್‌ರೂಹೆ ವಿಭಾಗ, ರಾಜ್ಯ, ಒಕ್ಕೂಟ. ಜಿಲ್ಲೆಯಲ್ಲಿ 54 ಊರು ಪಟ್ಟಣಗಳಿವೆ. ಜಿಲ್ಲಾ ಕಚೇರಿ ಹೈಡೆಲ್‌ಬರ್ಗ್‌ನಲ್ಲಿದೆ, ಆದರೆ ಹೈಡೆಲ್‌ಬರ್ಗ್ ನಗರವೇ ಈ ಜಿಲ್ಲೆಗೆ ಸೇರಿಲ್ಲ. ಹೀಗಾಗಿ ವಿಳಾಸ ನೋಡಿ ನಗರಪಾಲಿಕೆಯ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು ವಾಪಸ್ ಬಂದವರು ಬಹಳ.

ಜಿಲ್ಲಾ ಮುಖ್ಯಸ್ಥ ‘ಲಾಂಡ್‌ರಾಟ್’ ನಮ್ಮ ಡಿ.ಸಿ.ಯ ಹಾಗೆ ಮೇಲಿಂದ ನೇಮಕವಾಗಿ ವರ್ಗವಾಗುವ ಅಧಿಕಾರಿಯಲ್ಲ. ಈ ರಾಜ್ಯದಲ್ಲಿ ಚುನಾಯಿತ ಜಿಲ್ಲಾ ಸಭೆ ಅವರನ್ನು ಎಂಟು ವರ್ಷಕ್ಕೆ ಆರಿಸುತ್ತದೆ.

ಮೇಯರ್‌ಗೆ ಎಷ್ಟು ಅಧಿಕಾರ?

ಬಹಳ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಬ್ಯುರ್ಗರ್‌ಮೈಸ್ಟರ್ ಅನ್ನು ಜನ ನೇರವಾಗಿ ಎಂಟು ವರ್ಷಕ್ಕೆ ಆರಿಸುತ್ತಾರೆ. ಅವರೇ ಪಟ್ಟಣ ಸಭೆಯ ಅಧ್ಯಕ್ಷರು, ಮತ ಹಾಕುವ ಹಕ್ಕಿರುವವರು, ಜೊತೆಗೆ ಆಡಳಿತ ಕಚೇರಿಯ ಮುಖ್ಯಸ್ಥರೂ ಹೌದು. ನಮ್ಮ ಪುರಸಭೆಯ ಅಧ್ಯಕ್ಷ ಮತ್ತು ಮುಖ್ಯಾಧಿಕಾರಿ ಒಬ್ಬರೇ ಆದರೆ ಹೇಗೋ ಹಾಗೆ. ಅವಿಶ್ವಾಸ ಮಂಡಿಸಿ ನಡುವೆ ಇಳಿಸಲು ಸಭೆಗೆ ಬರುವುದಿಲ್ಲ.

ಅಭ್ಯರ್ಥಿ ಆ ಊರಿನವರೇ ಆಗಿರಬೇಕಿಲ್ಲ. 18 ತುಂಬಿ ಜರ್ಮನಿಯಲ್ಲಿ ವಾಸವಿರುವ ಜರ್ಮನ್ ಅಥವಾ ಐರೋಪ್ಯ ಒಕ್ಕೂಟದ ಪ್ರಜೆ ಆಗಿದ್ದರೆ ಸಾಕು. ಹೊರಗಿನಿಂದ ಬಂದು ನಿಂತು ಗೆಲ್ಲುವುದು ಇಲ್ಲಿ ಸಾಮಾನ್ಯ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೇಲಿನ ಇಬ್ಬರ ನಡುವೆ ಇನ್ನೊಂದು ಸುತ್ತು. 2023ರ ತಿದ್ದುಪಡಿಗೆ ಮೊದಲು ಎರಡನೇ ಸುತ್ತಿನಲ್ಲಿ ಹೊಸಬರೂ ನಿಲ್ಲಬಹುದಿತ್ತು, ಹಳೆಯ ಬರಹಗಳಲ್ಲಿ ಅದೇ ಇರುತ್ತದೆ.

ಪಟ್ಟಣ ಸಭೆಯ ಚುನಾವಣೆ ಹೇಗೆ ನಡೆಯುತ್ತದೆ?

ಐದು ವರ್ಷಕ್ಕೊಮ್ಮೆ. ಹಿಂದಿನದು 2024ರ ಜೂನ್ 9ರಂದು, ಐರೋಪ್ಯ ಸಂಸತ್ತಿನ ಚುನಾವಣೆಯ ಜೊತೆಗೇ ಆಯಿತು. 10,000ದಿಂದ 20,000 ಜನರಿರುವ ಊರಿಗೆ ಕಾನೂನಿನ ಪ್ರಕಾರ 22 ಸ್ಥಾನಗಳು, ಆದ್ದರಿಂದ ಪ್ರತಿ ಮತದಾರನ ಕೈಯಲ್ಲಿ 22 ಮತಗಳು. 16 ತುಂಬಿದವರು ಮತ ಹಾಕಬಹುದು.

ಆ 22 ಮತಗಳನ್ನು ಹಂಚುವ ರೀತಿಯೇ ಇದರ ಸೊಗಸು. ಮೆಚ್ಚಿದ ಒಬ್ಬರಿಗೆ ಮೂರರವರೆಗೆ ಮತ ಪೇರಿಸಬಹುದು. ಒಂದು ಪಕ್ಷದ ಪಟ್ಟಿಯಲ್ಲಿ ಇನ್ನೊಂದು ಪಕ್ಷದವರ ಹೆಸರು ಬರೆದು ಅವರಿಗೂ ಕೊಡಬಹುದು. ಹೀಗಾಗಿ ಪಟ್ಟಿಯ ಕೊನೆಯಲ್ಲಿದ್ದ ಶಾಲಾ ಮೇಷ್ಟ್ರು ಅಥವಾ ಅಗ್ನಿಶಾಮಕ ದಳದ ಸ್ವಯಂಸೇವಕರು ಪಕ್ಷದ ಮೊದಲ ಹೆಸರನ್ನು ಹಿಂದಿಕ್ಕಿ ಗೆಲ್ಲಬಲ್ಲರು. ಪ್ರತಿ ಪಕ್ಷಕ್ಕೆ ಒಂದೊಂದು ಚೀಟಿ, ಎಲ್ಲವೂ ಮೊದಲೇ ಮನೆಗೆ ಅಂಚೆಯಲ್ಲಿ ಬರುತ್ತವೆ. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ತುಂಬಿಟ್ಟುಕೊಂಡು ಮತಗಟ್ಟೆಗೆ ಒಯ್ಯುತ್ತಾರೆ. ಕೆಡುವುದು ಕೂಡಿಸುವಲ್ಲಿ, ಮೊತ್ತ 23 ಆದರೆ ಇಡೀ ಮತವೇ ಅಸಿಂಧು. ಕಡಿಮೆ ಹಾಕಿದರೆ ತೊಂದರೆಯಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮತ ಇದೆಯೇ?

ಇಲ್ಲ, ಎಷ್ಟೇ ವರ್ಷ ತೆರಿಗೆ ಕಟ್ಟಿದ್ದರೂ ಇಲ್ಲ. ಊರಿನ ಚುನಾವಣೆಯಲ್ಲಿ ಜರ್ಮನ್ನರಿಗೂ ಐರೋಪ್ಯ ಒಕ್ಕೂಟದ ಪ್ರಜೆಗಳಿಗೂ ಮಾತ್ರ ಮತ. ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಜರ್ಮನಿ ಹಳೆಯ ಪೌರತ್ವ ಬಿಡಲು ಹೇಳುವುದಿಲ್ಲ, ಆದರೆ ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಿಕೊಳ್ಳಬೇಕು.

ಹಾಗಾದರೆ ಊರಿನ ವಿಷಯದಲ್ಲಿ ನಾವು ಬಾಯಿ ಬಿಡುವಂತಿಲ್ಲವೇ?

ಬಿಡಬಹುದು. ಇದನ್ನು ನಮ್ಮವರು ತಿಳಿದುಕೊಳ್ಳದಿರುವುದು ನಿಜಕ್ಕೂ ನಷ್ಟ. ರಾಜ್ಯದ ಪಟ್ಟಣ ಕಾನೂನು ‘ಪ್ರಜೆ’ ಮತ್ತು ‘ನಿವಾಸಿ’ ಎಂದು ಎರಡು ಪದ ಬಳಸುತ್ತದೆ. ಮತ ಪ್ರಜೆಗೆ, ಆದರೆ ಉಳಿದ ಹಲವು ಹಕ್ಕು ನಿವಾಸಿಗೆ. ನೋಂದಣಿ ಮಾಡಿಸಿದ ನೀವು ನಿವಾಸಿ.

ಮೊದಲನೆಯದು ನಿವಾಸಿಗಳ ಅರ್ಜಿ, ಜರ್ಮನ್‌ನಲ್ಲಿ ‘ಐನ್‌ವೋನರ್‌ಆನ್‌ಟ್ರಾಗ್’. ಮಕ್ಕಳ ಆಟದ ಜಾಗ, ಬಸ್ಸಿನ ವೇಳೆ, ಸೈಕಲ್ ದಾರಿ ಹೀಗೆ ಊರಿನ ವ್ಯಾಪ್ತಿಯ ಯಾವ ವಿಷಯವನ್ನಾದರೂ ಸಭೆ ಚರ್ಚಿಸಲೇಬೇಕು ಎಂದು ಕೇಳುವ ಹಕ್ಕು ಇದು. 16 ತುಂಬಿ ಮೂರು ತಿಂಗಳಿಂದ ಊರಲ್ಲಿರುವ ಯಾರೇ ಆಗಲಿ ಸಹಿ ಹಾಕಬಹುದು. 10,000 ಮೀರಿದ ಊರಿನಲ್ಲಿ ಅರ್ಹ ನಿವಾಸಿಗಳ ಶೇ. 1.5ರಷ್ಟು, ಕನಿಷ್ಠ 200 ಸಹಿ ಬೇಕು. ವಾಲ್‌ಡಾರ್ಫ್‌ನ ಜನಸಂಖ್ಯೆಗೆ ಇನ್ನೂರರ ಆಸುಪಾಸು. ಸಹಿಯ ಜೊತೆ ಪೂರ್ಣ ಹೆಸರು, ವಿಳಾಸ ಓದುವಂತಿರಲಿ. ನೋಂದಣಿಯ ಪಟ್ಟಿಯೊಂದಿಗೆ ತಾಳೆ ನೋಡುವುದರಿಂದ ಗೀಚಿದ ಸಹಿ ಬಿದ್ದುಹೋಗುತ್ತದೆ. ಮೂವತ್ತು ನಲವತ್ತು ಹೆಚ್ಚೇ ಸಂಗ್ರಹಿಸಿ. ಅರ್ಜಿ ಸಿಂಧುವಾದರೆ ಸಭೆ ಮೂರು ತಿಂಗಳೊಳಗೆ ಚರ್ಚಿಸಬೇಕು, ಅರ್ಜಿದಾರರ ಮಾತನ್ನೂ ಕೇಳಬೇಕು.

ಎರಡನೆಯದು ಕಟ್ಟಡ ಯೋಜನೆ. ಹೊಸ ಬಡಾವಣೆಗೋ ಕೈಗಾರಿಕೆಗೋ ಯೋಜನೆ ಮಾಡುವಾಗ ಕರಡನ್ನು ಒಂದು ತಿಂಗಳು, ಕನಿಷ್ಠ 30 ದಿನ, ಸಾರ್ವಜನಿಕರ ಮುಂದಿಡಬೇಕು. ಆಕ್ಷೇಪ ಯಾರು ಬೇಕಾದರೂ ಬರೆಯಬಹುದು, ಪೌರತ್ವ ಕೇಳುವುದಿಲ್ಲ. ಗಡುವು ಮುಗಿದ ಮೇಲೆ ಬಂದದ್ದನ್ನು ಬದಿಗಿಡಲು ಅವರಿಗೆ ಅಧಿಕಾರವಿದೆ, ಹಾಗಾಗಿ ತಡ ಮಾಡಬೇಡಿ.

ಸಭೆಗಳು ಬಹಿರಂಗ, ಹೋಗಿ ಕೂರಬಹುದು. ಸಮಿತಿಗಳಿಗೆ ವಿಷಯ ಬಲ್ಲ ನಿವಾಸಿಗಳನ್ನು ಸಲಹೆಗಾರರಾಗಿ ಕರೆಯಲು ಕಾನೂನಿನಲ್ಲಿ ಅವಕಾಶವಿದೆ. ಜನಮತಗಣನೆಯಲ್ಲಿ ಮಾತ್ರ ಪ್ರಜೆಗಳಿಗಷ್ಟೇ ಪಾತ್ರ: ಶೇ. 7ರಷ್ಟು ಸಹಿ ಬೇಕು, ಗೆಲ್ಲಲು ಬಹುಮತದ ಜೊತೆಗೆ ಒಟ್ಟು ಮತದಾರರಲ್ಲಿ ಕನಿಷ್ಠ ಶೇ. 20ರಷ್ಟು ಮಂದಿಯ ಒಪ್ಪಿಗೆ ಇರಬೇಕು.

ಊರಿಗೆ ಹಣ ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ‘ಗೆವೆರ್ಬೆಷ್ಟಾಯರ್’ ಎಂಬ ಉದ್ದಿಮೆ ತೆರಿಗೆಯಿಂದ. ಜರ್ಮನಿಯ ಊರುಗಳಿಗೆ ಇದರ ದರವನ್ನು ತಾವೇ ನಿಗದಿ ಮಾಡುವ ಹಕ್ಕಿದೆ. ಲೆಕ್ಕ ಸರಳ. ತೆರಿಗೆಗೆ ಒಳಪಡುವ ಲಾಭ 1,00,000 ಯೂರೊ ಎಂದಿಟ್ಟುಕೊಳ್ಳಿ. ಅದರ ಶೇ. 3.5, ಅಂದರೆ 3,500, ದೇಶವೆಲ್ಲಕ್ಕೂ ಒಂದೇ ಆದ ಮೂಲ ಮೊತ್ತ. ಅದನ್ನು ಊರಿನ ಗುಣಕದಿಂದ ಗುಣಿಸಬೇಕು. ವಾಲ್‌ಡಾರ್ಫ್‌ನ ಗುಣಕ ಶೇ. 265, ಹಾಗಾಗಿ 9,275 ಯೂರೊ. ಹೈಡೆಲ್‌ಬರ್ಗ್‌ನ ಗುಣಕ 400 ಎಂದರೆ ಅದೇ ಲಾಭಕ್ಕೆ 14,000. ಸುತ್ತಲಿನ ಊರುಗಳ ಮುಂದೆ ವಾಲ್‌ಡಾರ್ಫ್ ಬಲು ಅಗ್ಗ.

ಕಂಪನಿಗೆ ಹಲವು ಊರುಗಳಲ್ಲಿ ಕಚೇರಿ ಇದ್ದರೆ ಮೂಲ ಮೊತ್ತವನ್ನು ಆಯಾ ಊರಲ್ಲಿ ಕೊಡುವ ಸಂಬಳದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ನಿಮ್ಮ ಮೇಜು ವಾಲ್‌ಡಾರ್ಫ್ ಕಟ್ಟಡದಲ್ಲಿದೆಯೋ ಪಕ್ಕದ ಸಾಂಕ್ಟ್ ಲೇಯೋನ್-ರೋಟ್ ಕಟ್ಟಡದಲ್ಲಿದೆಯೋ ಎನ್ನುವುದು ಆ ಎರಡು ಊರುಗಳ ಖಜಾನೆಗೆ ಮುಖ್ಯವಾಗುವುದು ಹೀಗೆ.

ಶ್ರೀಮಂತ ಊರಾದರೂ ಬಜೆಟ್ಟಿನಲ್ಲಿ ಎಚ್ಚರಿಕೆ ಯಾಕೆ?

ಬಂದ ಹಣವೆಲ್ಲ ಊರಿಗೆ ಉಳಿಯುವುದಿಲ್ಲ, ಊರು ಕೊಡಬೇಕಾದದ್ದರ ಬಿಲ್ಲು ತಡವಾಗಿ ಬರುತ್ತದೆ. ಮೊದಲು ಗುಣಕದ 35 ಭಾಗ ಒಕ್ಕೂಟಕ್ಕೂ ರಾಜ್ಯಕ್ಕೂ ಹೋಗುತ್ತದೆ. 265ರಲ್ಲಿ 35 ಎಂದರೆ ಶೇ. 13ಕ್ಕೂ ಹೆಚ್ಚು. 400 ಇರುವ ಊರಿಗೆ ಇದು ಶೇ. 9ರ ಒಳಗೆ. ದರ ತಗ್ಗಿಸಿದ ಊರು ತನ್ನ ಪಾಲಿನಲ್ಲಿ ಹೆಚ್ಚು ಬಿಟ್ಟುಕೊಡುತ್ತದೆ ಎಂದಾಯಿತು.

ಆಮೇಲೆ ಜಿಲ್ಲೆಗೆ ಮತ್ತು ಊರುಗಳ ನಡುವಿನ ಅಂತರ ತಗ್ಗಿಸುವ ರಾಜ್ಯದ ಸಮೀಕರಣ ನಿಧಿಗೆ ಕೊಡುವ ಪಾಲು. ಇದನ್ನು ಎರಡು ವರ್ಷ ಹಿಂದಿನ ತೆರಿಗೆ ಬಲದ ಮೇಲೆ ಲೆಕ್ಕ ಹಾಕುತ್ತಾರೆ, ಅದೂ ಎಲ್ಲ ಊರಿಗೂ ಒಂದೇ ಆದ ಕಲ್ಪಿತ ಗುಣಕದಲ್ಲಿ. ಕಂಪನಿಗೆ ಸುಗ್ಗಿಯಾದ ವರ್ಷ ಹಣ ಬರುತ್ತದೆ, ಅದರ ಬಿಲ್ಲು ಎರಡು ವರ್ಷ ಬಿಟ್ಟು ಬರುತ್ತದೆ. ಅಷ್ಟರಲ್ಲಿ ಲಾಭ ಕುಸಿದಿದ್ದರೆ ಆದಾಯ ಕಡಿಮೆ, ಪಾವತಿ ಮಾತ್ರ ಹಳೆಯ ಸುಗ್ಗಿಯ ಲೆಕ್ಕದಲ್ಲಿ. ಇದರ ಮೇಲೆ ಕಂಪನಿಗಳು ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ 15ಕ್ಕೆ ಮುಂಗಡ ಕಟ್ಟಿರುತ್ತವೆ. ವರ್ಷದ ಕೊನೆಗೆ ಲಾಭ ಅಷ್ಟು ಆಗಿಲ್ಲ ಎಂದಾದರೆ ಊರು ಹಣ ಹಿಂದಿರುಗಿಸಬೇಕು, ತಡವಾದರೆ ತಿಂಗಳಿಗೆ ಶೇ. 0.15 ಬಡ್ಡಿಯನ್ನೂ ಸೇರಿಸಿ. ಒಂದೇ ದೊಡ್ಡ ತೆರಿಗೆದಾರನ ಮೇಲೆ ನಿಂತ ಊರು ಒಳ್ಳೆಯ ವರ್ಷದ ಹಣವನ್ನು ಆ ವರ್ಷವೇ ಖರ್ಚು ಮಾಡದಿರುವುದು ಜಿಪುಣತನವಲ್ಲ, ಅನಿವಾರ್ಯ.

ಮನೆ ತೆರಿಗೆ ಬಾಡಿಗೆದಾರರಿಗೂ ಬೀಳುತ್ತದೆಯೇ?

ಬೀಳುತ್ತದೆ, ಬಾಡಿಗೆಯ ಜೊತೆಗಿನ ಇತರ ವೆಚ್ಚಗಳಲ್ಲಿ ಸೇರಿಸಿ ಮಾಲೀಕರು ವಸೂಲಿ ಮಾಡುತ್ತಾರೆ. 2025ರಿಂದ ಈ ರಾಜ್ಯದಲ್ಲಿ ನೆಲದ ಬೆಲೆಯನ್ನಷ್ಟೇ ನೋಡುತ್ತಾರೆ, ಮೇಲಿನ ಕಟ್ಟಡವನ್ನಲ್ಲ. ಜಾಗದ ಚದರ ಮೀಟರ್ ಅನ್ನು ಸರ್ಕಾರಿ ದರದಿಂದ ಗುಣಿಸಿ, ವಾಸದ ಮನೆಯಾದರೆ ಸಾವಿರಕ್ಕೆ 0.91ರಂತೆ ತೆಗೆದು, ಊರಿನ ಗುಣಕ ಹಾಕಬೇಕು. ಹೀಗಾಗಿ ದೊಡ್ಡ ಹಿತ್ತಿಲಿರುವ ಹಳೆಯ ಒಂಟಿ ಮನೆಗೆ ತೆರಿಗೆ ಏರಿತು, ಅಪಾರ್ಟ್‌ಮೆಂಟಿನ ಫ್ಲ್ಯಾಟಿಗೆ ಹೆಚ್ಚಿನ ಕಡೆ ಇಳಿಯಿತು.

ಹೊಸದಾಗಿ ಬಂದವರ ವಾಸ ನೋಂದಣಿ ಹೇಗೆ?

ಇದು ಊರಿನ ಕೆಲಸ. ನುಸ್‌ಲೋಹರ್ ಬೀದಿಯ ರಾಟ್‌ಹೌಸ್‌ಗೆ, ಅಂದರೆ ಪಟ್ಟಣ ಕಚೇರಿಗೆ, ಹೋಗಬೇಕು. ಮನೆಗೆ ಬಂದ ದಿನದಿಂದ ಎರಡು ವಾರದೊಳಗೆ ‘ಆನ್‌ಮೆಲ್ಡುಂಗ್’ ಮಾಡಿಸಬೇಕು.

ಒಯ್ಯಬೇಕಾದ್ದು: ಮನೆಯ ಎಲ್ಲರ ಪಾಸ್‌ಪೋರ್ಟ್, ವೀಸಾ, ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರ, ಮತ್ತು ಮನೆಯೊಡೆಯ ಸಹಿ ಹಾಕಿದ ವಾಸ ದೃಢೀಕರಣ ಪತ್ರ. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲಿ. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಈ ಪತ್ರವೇ ಬೇಕು. ಕೀಲಿ ತೆಗೆದುಕೊಳ್ಳುವ ದಿನವೇ ಸಹಿ ಹಾಕಿಸಿಕೊಳ್ಳಿ. ಗೆಳೆಯರ ವಿಳಾಸದಲ್ಲಿ ಸುಮ್ಮನೆ ನೋಂದಾಯಿಸಿಕೊಳ್ಳುವ ಉಪಾಯ ಬೇಡ. ವಾಸವಿಲ್ಲದವರಿಗೆ ವಿಳಾಸ ಕೊಟ್ಟವರಿಗೆ ದಂಡ 50,000 ಯೂರೊವರೆಗೆ ಇದೆ.

ಧರ್ಮದ ಕಾಲಂ ಇರುತ್ತದೆ. ತೆರಿಗೆ ವಸೂಲಿ ಮಾಡುವ ಚರ್ಚಿಗೆ ಸೇರಿದವರೆಂದು ದಾಖಲಾದರೆ ಆದಾಯ ತೆರಿಗೆಯ ಶೇ. 8 ಚರ್ಚ್ ತೆರಿಗೆ ಕಡಿತವಾಗುತ್ತದೆ. ಉಳಿದವರಿಗೆ ಇಲ್ಲ.

ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ತೊಂದರೆ ಕೊಡುತ್ತದೆ: ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಅಂಚೆಯವರು ಟಪಾಲು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹಿಂದಿನ ಬಾಡಿಗೆದಾರರ ಹೆಸರೇ ಉಳಿದಿದ್ದರೆ ಪತ್ರ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್. ಸಂಖ್ಯೆ ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಕೀಲಿ ಸಿಕ್ಕ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿ.

ದೇಶ ಬಿಟ್ಟು ಹೊರಡುವಾಗ ನೋಂದಣಿ ತೆಗೆಸುವುದೂ ಕಡ್ಡಾಯ. ಹೊರಡುವ ಒಂದು ವಾರ ಮೊದಲಿನಿಂದ ಹೊರಟ ಎರಡು ವಾರದವರೆಗೆ ಮಾಡಬಹುದು.

ನಮ್ಮ ಹೆಸರುಗಳಿಂದ ತೊಂದರೆ ಆಗುತ್ತದೆಯೇ?

ಆಗುತ್ತದೆ. ನಮ್ಮಲ್ಲಿ ಊರಿನದೋ ತಂದೆಯದೋ ಇನಿಷಿಯಲ್ ಹಾಕಿ ಒಂದೇ ಹೆಸರಿಟ್ಟುಕೊಳ್ಳುವ ಪದ್ಧತಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇದ್ದರೆ ಪಟ್ಟಣ ಕಚೇರಿ ಒಂದು ರೀತಿ, ಬ್ಯಾಂಕು ಇನ್ನೊಂದು ರೀತಿ, ಆರೋಗ್ಯ ವಿಮೆ ಮತ್ತೊಂದು ರೀತಿ ಬರೆದುಕೊಳ್ಳುತ್ತವೆ. ಗಂಡ ಹೆಂಡತಿ ಮಗು ಮೂವರಿಗೂ ಬೇರೆ ಬೇರೆ ಕುಟುಂಬದ ಹೆಸರಿದ್ದರೆ ಪ್ರತಿ ಕಚೇರಿಯಲ್ಲೂ ವಿವರಿಸಬೇಕು. ಹೊರಡುವ ಮುನ್ನವೇ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಎರಡೂ ಖಾನೆ ತುಂಬಿಸಿಕೊಂಡು ಬರುವುದು ಒಳ್ಳೆಯದು.

ಮದುವೆಗೆ ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಬೇಕು. ಛತ್ರದ ರಸೀದಿ, ಆಮಂತ್ರಣ ಪತ್ರಿಕೆ ನಡೆಯುವುದಿಲ್ಲ. ಅದು ದಾಖಲಾಗದಿದ್ದರೆ ನಿಮ್ಮನ್ನು ಅವಿವಾಹಿತರ ತೆರಿಗೆ ವರ್ಗದಲ್ಲೇ ಇಡುತ್ತಾರೆ, ಪ್ರತಿ ತಿಂಗಳ ಸಂಬಳದಲ್ಲಿ ವ್ಯತ್ಯಾಸ ಕಾಣುತ್ತದೆ. ಕರ್ನಾಟಕದ ಜನನ ಪ್ರಮಾಣಪತ್ರ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವುದು ಅನುಕೂಲ, ಇಂಗ್ಲಿಷ್‌ನಿಂದ ಜರ್ಮನ್‌ಗೆ ಪ್ರಮಾಣಿತ ಅನುವಾದಕರು ಸುಲಭವಾಗಿ ಸಿಗುತ್ತಾರೆ. ದಾಖಲೆ ಅಸಲಿ ಎಂದು ಹೊರದೇಶಕ್ಕಾಗಿ ಹಾಕಿಸುವ ಭಾರತದ ಅಪೋಸ್ಟಿಲ್ ಮುದ್ರೆಯೊಂದನ್ನೇ ನಂಬಿ ಬರಬೇಡಿ. ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಕೆಲವು ಕೆಲಸಗಳಿಗೆ ದಾಖಲೆಯ ಪ್ರತ್ಯೇಕ ಪರಿಶೀಲನೆ ಕೇಳುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಯಾವ ಕೆಲಸ ಊರಿನದು, ಯಾವುದು ಜಿಲ್ಲೆಯದು?

ವಾಸ ನೋಂದಣಿ, ಶಿಶುವಿಹಾರ, ಶಾಲಾ ಕಟ್ಟಡ, ಊರೊಳಗಿನ ರಸ್ತೆ, ಅಗ್ನಿಶಾಮಕ ದಳ, ನಾಯಿ ತೆರಿಗೆ, ಕಟ್ಟಡ ಯೋಜನೆ ಊರಿನವು. ವಿದೇಶಿಯರ ವಾಸ ಪರವಾನಗಿ, ವಾಹನ ನೋಂದಣಿ, ಡ್ರೈವಿಂಗ್ ಲೈಸೆನ್ಸ್, ಕಸ ವಿಲೇವಾರಿ ಜಿಲ್ಲೆಯವು. ನುರಿತ ಉದ್ಯೋಗಿಗಳ ವಾಸ ಪರವಾನಗಿಯಾದ ಬ್ಲೂ ಕಾರ್ಡ್ ವಿಸ್ತರಣೆಗೆ ರಾಟ್‌ಹೌಸ್ ಮುಂದೆ ನಿಂತರೆ ಪ್ರಯೋಜನವಿಲ್ಲ, ಲಾಂಡ್‌ರಾಟ್ಸ್‌ಆಮ್ಟ್‌ಗೆ, ಅಂದರೆ ಜಿಲ್ಲಾ ಕಚೇರಿಗೆ, ಅವಧಿ ಮುಗಿಯುವ ಸಾಕಷ್ಟು ಮೊದಲೇ ಅರ್ಜಿ ಹಾಕಬೇಕು. ಪಕ್ಕದ ವೀಸ್‌ಲೋಹ್ ‘ದೊಡ್ಡ ಜಿಲ್ಲಾ ಪಟ್ಟಣ’ ಎಂಬ ಅಂತಸ್ತಿನದಾದ್ದರಿಂದ ಜಿಲ್ಲೆಯ ಕೆಲವು ಕೆಲಸಗಳನ್ನು ತಾನೇ ಮಾಡುತ್ತದೆ. ಅಲ್ಲಿರುವ ಗೆಳೆಯರ ಅನುಭವ ನಿಮಗೆ ಹೊಂದದಿರುವುದು ಈ ಕಾರಣಕ್ಕೆ. ಶಿಕ್ಷಕರ ನೇಮಕ, ಪಠ್ಯಕ್ರಮ, ಪೊಲೀಸ್ ಇವು ರಾಜ್ಯದ್ದು.

ಭಾರತದ ಲೈಸೆನ್ಸ್ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆಯನ್ನೂ ರಸ್ತೆ ಪರೀಕ್ಷೆಯನ್ನೂ ಪಾಸು ಮಾಡಬೇಕು. ನಾಲ್ಕನೇ ತಿಂಗಳಲ್ಲಿ ಶುರು ಮಾಡಿದವರು ಏಳನೇ ತಿಂಗಳಲ್ಲಿ ಬಸ್ಸಿನಲ್ಲಿರುತ್ತಾರೆ, ಎರಡನೇ ತಿಂಗಳಲ್ಲೇ ಅರ್ಜಿ ಹಾಕಿ.

ಮಕ್ಕಳ ಶಾಲೆ?

ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ ಕಾನೂನಿನ ಹಕ್ಕು, 2013ರಿಂದ. ಆದರೂ ಕಾಯಬೇಕಾಗುತ್ತದೆ, ಆದ್ದರಿಂದ ಮನೆ ಖಚಿತವಾದ ಕೂಡಲೇ ಹೆಸರು ಬರೆಸಿ. ಜೂನ್ 30ರೊಳಗೆ ಆರು ತುಂಬುವ ಮಗು ಆ ವರ್ಷದ ಶರತ್ಕಾಲದಲ್ಲಿ ಒಂದನೇ ತರಗತಿಗೆ. ಪ್ರಾಥಮಿಕ ನಾಲ್ಕು ವರ್ಷ, ಊರಿನಲ್ಲಿ ಷಿಲ್ಲರ್ ಶಾಲೆ ಮತ್ತು ವಾಲ್ಡ್ ಶಾಲೆ ಇವೆ. ಮುಂದಕ್ಕೆ ಹತ್ತನೆಯ ತರಗತಿಯವರೆಗಿನ ರಿಯಾಲ್ ಶಾಲೆಯೂ ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುವ ಗಿಮ್ನಾಸಿಯಂ ಶಾಲೆಯೂ ಊರೊಳಗೇ ಇವೆ. ಶಾಲೆ ಕಡ್ಡಾಯ. ಅಜ್ಜಿಮನೆಗೆಂದು ರಜೆಗೆ ಒಂದು ವಾರ ಮೊದಲೇ ವಿಮಾನ ಹತ್ತಿಸಿದರೆ ಪೋಷಕರಿಗೆ ದಂಡ ಬೀಳಬಹುದು, ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಕೇಳುವುದೂ ಉಂಟು.

ಸಭೆಯ ಕಾರ್ಯಸೂಚಿ, ಯೋಜನೆಗಳ ಪ್ರಕಟಣೆ ಎಲ್ಲಿ ಸಿಗುತ್ತದೆ?

ಊರಿನ ಅಧಿಕೃತ ಪತ್ರಿಕೆಯಲ್ಲಿ ಮತ್ತು ಪಟ್ಟಣದ ಜಾಲತಾಣದಲ್ಲಿ. ‘ಬೆಬೌಉಂಗ್ಸ್‌ಪ್ಲಾನ್’ ಎಂಬ ಪದ ಕಂಡರೆ ಕಟ್ಟಡ ಯೋಜನೆ, ಅದರ ಕೆಳಗಿನ ದಿನಾಂಕ ನಿಮ್ಮ ಆಕ್ಷೇಪದ ಗಡುವು. ‘ಟಾಗೆಸ್‌ಆರ್ಡ್‌ನುಂಗ್’ ಎಂದರೆ ಕಾರ್ಯಸೂಚಿ. ಅದರಲ್ಲಿ ‘ಫ್ರಾಗೆಷ್ಟುಂಡೆ’ ಎಂದಿದ್ದರೆ ಅವತ್ತು ನಿವಾಸಿಗಳು ಎದ್ದುನಿಂತು ಪ್ರಶ್ನೆ ಕೇಳಬಹುದು. ಹೆಸರು ಮತ್ತು ಬೀದಿ ಹೇಳಿ, ಒಂದೇ ವಿಷಯ, ಎರಡು ಮೂರು ವಾಕ್ಯ, ಬರೆದಿಟ್ಟುಕೊಂಡ ಜರ್ಮನ್‌ನಲ್ಲಿ. ಉಚ್ಚಾರಣೆ ಹೇಗಿದ್ದರೂ ಕೇಳುತ್ತಾರೆ, ಅಲ್ಲೇ ಉತ್ತರ ಸಿಗದಿದ್ದರೆ ಲಿಖಿತವಾಗಿ ಕೊಡಿ ಎಂದು ಕೇಳಿ ಕುಳಿತುಕೊಳ್ಳಿ.